ಮಾಳಿಗೆಯ ಕುಂಡದಲ್ಲಿ ಸೌತೆ: ಬಳ್ಳಿಯ ಆರೈಕೆ ಮತ್ತು ಹೂವಿನ ಅರಿವು

ಕಲಬುರಗಿ ನಗರದ ರೋಜಾ ಭಾಗದಲ್ಲಿ, ಖ್ವಾಜಾ ಬಂದೇನವಾಜರ ದರ್ಗಾದ ಸುತ್ತಲಿನ ಓಣಿಗಳಲ್ಲಿ, ಮನೆಗಳು ಒತ್ತೊತ್ತಾಗಿ ನಿಂತಿರುವುದರಿಂದ ಮನೆಗೆ ಬೇಕಾದ ಕಾಯಿಪಲ್ಯ ಬೆಳೆಯಬಯಸುವ ಕುಟುಂಬಕ್ಕೆ ಅಂಗಳಕ್ಕಿಂತ ಮಾಳಿಗೆಯೇ ಹೆಚ್ಚು ಆಸರೆಯಾಗುತ್ತದೆ. ಇಂತಹ ಮಾಳಿಗೆಗೆ ಒಗ್ಗುವ ತರಕಾರಿಗಳಲ್ಲಿ ಸೌತೆಗೆ ಮೊದಲ ಸಾಲಿನ ಸ್ಥಾನವಿದೆ; ಅದು ಅಗಲಕ್ಕೆ ಹರಡುವ ಬದಲು ಎತ್ತರಕ್ಕೆ ಏರಬಲ್ಲದು, ಬಿತ್ತಿದ 40ರಿಂದ 50 ದಿನಗಳಲ್ಲಿ ಮೊದಲ ಕಾಯಿ ಕೊಡಬಲ್ಲದು, ಮತ್ತು ಜೋಳದ ರೊಟ್ಟಿಯ ಊಟದಲ್ಲಾಗಲಿ ರಂಜಾನ್ ತಿಂಗಳ ಇಫ್ತಾರ್ ತಟ್ಟೆಯಲ್ಲಾಗಲಿ ಹಸಿಯಾಗಿಯೇ ಸಲ್ಲುತ್ತದೆ. ಆದರೂ ಕುಂಡದಲ್ಲಿ ಸೌತೆ ಹಾಕಿದವರಲ್ಲಿ ಅನೇಕರು ಹೂ ಕಾಣಿಸಿಕೊಂಡ ಮೊದಲ ವಾರದಲ್ಲೇ ನಿರಾಶರಾಗುತ್ತಾರೆ. "ಹೂ ಭಾಳ ಆಗ್ಯಾವ, ಕಾಯಿ ಒಂದೂ ನಿಲ್ಲವಲ್ದು" ಎಂಬ ಮಾತು ಈ ಭಾಗದ ಮನೆಗಳಲ್ಲಿ ಸಾಮಾನ್ಯ. ಇಂತಹ ಸಂದರ್ಭಗಳಲ್ಲಿ ಬಹುಪಾಲು ಬಳ್ಳಿಗೆ ಯಾವ ರೋಗವೂ ಇರುವುದಿಲ್ಲ. ಉದುರುತ್ತಿರುವುದು ಯಾವ ಹೂ, ಅದು ಏಕೆ ಉದುರುತ್ತದೆ, ಕಾಯಿ ಕಟ್ಟುವ ಹೂ ಯಾವಾಗ ಬರುತ್ತದೆ ಎಂಬ ತಿಳಿವಳಿಕೆಯ ಕೊರತೆಯಷ್ಟೇ ಇರುತ್ತದೆ. ಕಲಬುರಗಿಯ ಬಿಸಿಲು, ಮಣ್ಣು ಮತ್ತು ನೀರನ್ನು ಗಮನದಲ್ಲಿಟ್ಟುಕೊಂಡು, ಕುಂಡದ ಸೌತೆಯ ಕ್ರಮವನ್ನೂ ಅದರ ಹೂವಿನ ಸ್ವಭಾವವನ್ನೂ ಇಲ್ಲಿ ವಿವರಿಸಲಾಗಿದೆ.

ಯಾವ ಸೌತೆ?

ಸಸ್ಯಶಾಸ್ತ್ರದಲ್ಲಿ ಕ್ಯುಕ್ಯುಮಿಸ್ ಸಟೈವಸ್ ಎಂಬ ಹೆಸರಿನ ಈ ಬಳ್ಳಿಯ ತವರು ಭಾರತವೇ. ಹಿಮಾಲಯದ ತಪ್ಪಲಿನಲ್ಲಿ ಇದರ ಕಾಡುಬಂಧುಗಳು ಇಂದಿಗೂ ಕಹಿಯಾದ ಪುಟ್ಟ ಕಾಯಿಗಳನ್ನು ಬಿಡುತ್ತವೆ. ಕರ್ನಾಟಕದ ಅನೇಕ ಕಡೆ ಮುಳ್ಳುಸೌತೆ ಎಂದೂ ಕಲಬುರಗಿ ಸೀಮೆಯಲ್ಲಿ ಸೌತಿಕಾಯಿ ಎಂದೂ ಕರೆಯುವುದು ಇದನ್ನೇ. ಕರಾವಳಿಯ ಅಡುಗೆಯ ಮಂಗಳೂರು ಸೌತೆ ಹಾಗೂ ಉದ್ದನೆಯ, ತೆಳುವಾದ ಕಕ್ಕಡಿ ಇವೆರಡೂ ಕರಬೂಜದ ಜಾತಿಗೆ ಸೇರಿದವು. ಸೌತೆಯ ಜೀವಕೋಶದಲ್ಲಿ 14 ವರ್ಣತಂತುಗಳಿದ್ದರೆ ಕರಬೂಜದ ಜಾತಿಯಲ್ಲಿ 24 ಇರುವುದರಿಂದ ಇವು ಸಹಜವಾಗಿ ಬೆರೆಯುವುದಿಲ್ಲ. ಹಾಗಲದ ಬಳ್ಳಿಯಂತೂ ಬೇರೆ ಕುಲಕ್ಕೇ ಸೇರಿದ್ದು. ಆದ್ದರಿಂದ ಪಕ್ಕದಲ್ಲಿ ಹಾಗಲ ಹಬ್ಬಿದ್ದರೆ ಸೌತೆ ಕಹಿಯಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ, ಒಂದೇ ಮಾಳಿಗೆಯಲ್ಲಿ ಎರಡನ್ನೂ ನಿಶ್ಚಿಂತೆಯಿಂದ ಬೆಳೆಯಬಹುದು.

ಬಿತ್ತುವ ಕಾಲ

ಕಲಬುರಗಿಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ, ಕಾದ ಮಾಳಿಗೆಯ ಮೇಲೆ ಆ ತಾಪ ಇನ್ನಷ್ಟು ಹೆಚ್ಚು. ಸೌತೆ ಬೆಚ್ಚನೆಯ ಹವೆಯನ್ನು ಬಯಸುವ ಬೆಳೆಯಾದರೂ ಅದಕ್ಕೆ ಹಿತವಾದದ್ದು 20ರಿಂದ 30 ಡಿಗ್ರಿಯ ಆಸುಪಾಸು; 35 ಡಿಗ್ರಿ ಮೀರಿದಂತೆ ಹೆಣ್ಣು ಹೂಗಳು ಕಡಿಮೆಯಾಗುತ್ತವೆ, ಪರಾಗದ ಶಕ್ತಿ ಕುಗ್ಗುತ್ತದೆ ಮತ್ತು ಕಾಯಿ ಕಹಿಯಾಗುವ ಸಂಭವ ಹೆಚ್ಚುತ್ತದೆ. ಹೀಗಾಗಿ ಇಲ್ಲಿನ ಮಾಳಿಗೆಗೆ ಮೂರು ಬಿತ್ತನೆಯ ಕಾಲಗಳು ಹೊಂದುತ್ತವೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಬಿತ್ತಿದರೆ ಬಳ್ಳಿ ನವೆಂಬರಿನ ತಂಪು ಹವೆ ಮತ್ತು ಚಿಕ್ಕ ಹಗಲುಗಳಲ್ಲಿ ಹೂ ಬಿಡುವುದರಿಂದ ಹೆಣ್ಣು ಹೂಗಳ ಪ್ರಮಾಣ ಚೆನ್ನಾಗಿರುತ್ತದೆ. ಹೊಸಬರು ಇದನ್ನೇ ಮೊದಲು ಆರಿಸಿಕೊಳ್ಳುವುದು ಮೇಲು. ಜನವರಿಯಲ್ಲಿ ಬಿತ್ತಿದ ಬಳ್ಳಿ ಕಡುಬೇಸಿಗೆ ಬರುವ ಮುನ್ನ, ಮಾರ್ಚ್ ತಿಂಗಳಲ್ಲಿ ಫಸಲು ಕೊಡುತ್ತದೆ. ಜೂನ್ ಕೊನೆ ಅಥವಾ ಜುಲೈನ ಬಿತ್ತನೆಗೆ ಮಳೆನೀರಿನ ಅನುಕೂಲವಿದೆ, ಆದರೆ ಎಲೆರೋಗಗಳ ಕಾಟವೂ ಜೊತೆಗೆ ಬರುತ್ತದೆ. ಕಡುಬೇಸಿಗೆಯಲ್ಲಿಯೇ ಬೆಳೆಯಬೇಕೆನ್ನುವವರು ಸೌತೆಯ ಬದಲು ಶಾಖವನ್ನು ಹೆಚ್ಚು ತಾಳುವ ಕಕ್ಕಡಿಯನ್ನು ಹಾಕುವುದು ಜಾಣತನ.

ಕುಂಡ ಮತ್ತು ಮಣ್ಣು

ಸೌತೆಯ ಬೇರುಗಳು ಹೆಚ್ಚಾಗಿ ಮೇಲ್ಪದರದಲ್ಲಿಯೇ ಹರಡುವಂಥವು, ಬೇಗ ಒಣಗುವಂಥವು. ಚಿಕ್ಕ ಕುಂಡದಲ್ಲಿ ನೆಟ್ಟ ಬಳ್ಳಿ ಬೇಸಿಗೆಯ ಒಂದೇ ಮಧ್ಯಾಹ್ನದಲ್ಲಿ ಬಾಡಿ ಹೋಗುವುದು ಇದೇ ಕಾರಣಕ್ಕೆ. ಒಂದು ಬಳ್ಳಿಗೆ ಕನಿಷ್ಠ 15ರಿಂದ 20 ಲೀಟರ್ ಹಿಡಿಯುವ, 30 ಸೆಂಟಿಮೀಟರ್ ಆಳವಿರುವ ಪಾತ್ರೆ ಬೇಕು. ಬಣ್ಣ ತುಂಬಿ ಬರುವ 20 ಲೀಟರಿನ ಬಕೆಟನ್ನು ಚೆನ್ನಾಗಿ ತೊಳೆದು, ತಳದಲ್ಲಿ ಐದಾರು ರಂಧ್ರ ಕೊರೆದು ಬಳಸಬಹುದು. 15 ಇಂಚು ಅಗಲ, 15 ಇಂಚು ಎತ್ತರದ ಗ್ರೋ ಬ್ಯಾಗ್ ಎರಡು ಬಳ್ಳಿಗಳಿಗೆ ಸಾಕು. ಕಪ್ಪು ಚೀಲಗಳು ಬಿಸಿಲನ್ನು ಹೀರಿ ಬೇರುಗಳನ್ನು ಬೇಯಿಸುವುದರಿಂದ ಬಿಳಿ ಅಥವಾ ತಿಳಿ ಬಣ್ಣದವನ್ನೇ ಆರಿಸಬೇಕು. ಶಹಾಬಾದಿ ಪರಸಿ ಹಾಸಿದ ಮಾಳಿಗೆ ಸಂಜೆಯವರೆಗೂ ಕಾವು ಉಳಿಸಿಕೊಳ್ಳುವುದರಿಂದ ಕುಂಡವನ್ನು ನೇರವಾಗಿ ಕಲ್ಲಿನ ಮೇಲಿಡದೆ ಇಟ್ಟಿಗೆಗಳ ಮೇಲೆ ಕೂರಿಸಬೇಕು. ನೀರುಂಡ 20 ಲೀಟರಿನ ಒಂದು ಕುಂಡವೇ 20 ಕಿಲೋಗ್ರಾಮಿಗೂ ಹೆಚ್ಚು ತೂಗಬಹುದಾದ್ದರಿಂದ ಹಳೆಯ ಮನೆಗಳಲ್ಲಿ ಅವನ್ನು ಮಾಳಿಗೆಯ ನಡುವೆ ಗುಂಪಾಗಿಡದೆ ಗೋಡೆಯ ಆಧಾರವಿರುವ ಅಂಚಿನಲ್ಲಿ ಸಾಲಾಗಿ ಇಡುವುದು ಸುರಕ್ಷಿತ.

ಕಲಬುರಗಿ ಜಿಲ್ಲೆಯ ಎರಿಭೂಮಿ, ಅಂದರೆ ಕಪ್ಪುಮಣ್ಣು, ತೊಗರಿಗೆ ಪ್ರಸಿದ್ಧಿ ತಂದುಕೊಟ್ಟಿದೆ. ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಆದರೆ ಹೊಲದಲ್ಲಿ ತೇವ ಹಿಡಿದಿಟ್ಟು ಬೆಳೆ ಕಾಯುವ ಅದೇ ಗುಣ ಕುಂಡದಲ್ಲಿ ದೋಷವಾಗುತ್ತದೆ. ಕಪ್ಪುಮಣ್ಣು ಒದ್ದೆಯಾದಾಗ ಉಬ್ಬಿ ಗಾಳಿಯ ದಾರಿ ಮುಚ್ಚುತ್ತದೆ, ಒಣಗಿದಾಗ ಕುಗ್ಗಿ ಬಿರುಕುಬಿಟ್ಟು ಎಳೆಬೇರುಗಳನ್ನು ಹರಿಯುತ್ತದೆ, ಕುಂಡದ ಅಂಚಿನಿಂದ ಕಳಚಿಕೊಂಡು ನೀರು ಬೇರಿಗೆ ತಾಕದೆ ಪಕ್ಕದಲ್ಲಿ ಹರಿದುಹೋಗುವಂತೆ ಮಾಡುತ್ತದೆ. ಆದ್ದರಿಂದ ಕೆಂಪುಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಮತ್ತು ತೆಂಗಿನ ನಾರಿನ ಪುಡಿ ಇವುಗಳನ್ನು ಸಮಭಾಗದಲ್ಲಿ ಬೆರೆಸಿದ ಮಿಶ್ರಣವೇ ಯೋಗ್ಯ. ಕೆಂಪುಮಣ್ಣು ಸಿಗದಿದ್ದಾಗ ಕಪ್ಪುಮಣ್ಣನ್ನು ಒಟ್ಟು ಮಿಶ್ರಣದ ಕಾಲು ಭಾಗಕ್ಕೆ ಮೀರದಂತೆ, ದಪ್ಪ ಮರಳಿನೊಡನೆ ಸೇರಿಸಿಕೊಳ್ಳಬಹುದು. ನಾರಿನ ಪುಡಿಯಲ್ಲಿ ಲವಣವಿರುವುದರಿಂದ ಅದನ್ನು ಎರಡು ಮೂರು ಬಾರಿ ನೀರಿನಲ್ಲಿ ತೊಳೆದು ಬಳಸಬೇಕು. ಪ್ರತಿ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಬೇರಿನ ಕೀಟಗಳ ಬಾಧೆ ಕಡಿಮೆಯಾಗುತ್ತದೆ. ಒಲೆಯ ಬೂದಿಯನ್ನು ಗೊಬ್ಬರವೆಂದು ಸುರಿಯುವ ರೂಢಿ ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಈ ಭಾಗದ ಮಣ್ಣು ಮೊದಲೇ ಕ್ಷಾರ ಗುಣದ್ದು, ಬೂದಿಯೂ ಕ್ಷಾರವೇ ಆದ್ದರಿಂದ ಕಬ್ಬಿಣದಂಥ ಪೋಷಕಾಂಶಗಳು ಬೇರಿಗೆ ಸಿಗದಂತಾಗಿ ಎಳೆಯ ಎಲೆಗಳು ಹಳದಿಯಾಗುತ್ತವೆ.

ಬಿತ್ತನೆ, ಹಂದರ, ನೀರು

ಸೌತೆಯ ಸಸಿ ಬೇರು ಅಲುಗಿದರೆ ಬೇಗ ಸೊರಗುವುದರಿಂದ ಬೀಜವನ್ನು ಕುಂಡದಲ್ಲಿಯೇ ನೇರವಾಗಿ ಬಿತ್ತುವುದು ಒಳ್ಳೆಯದು. ಎರಡು ಸೆಂಟಿಮೀಟರ್ ಆಳದಲ್ಲಿ ಎರಡು ಮೂರು ಬೀಜ ಹಾಕಿ, ಅವು ಸುಮಾರು ಒಂದು ವಾರದೊಳಗೆ ಮೊಳೆತು ಎರಡು ನಿಜವಾದ ಎಲೆ ಬಿಟ್ಟ ಮೇಲೆ ಬಲವಾದ ಒಂದನ್ನು ಉಳಿಸಿ ಮಿಕ್ಕವನ್ನು ಕೀಳದೆ ಬುಡದಲ್ಲಿ ಕತ್ತರಿಸಬೇಕು. ಬಳ್ಳಿ ಆರು ಅಡಿ ಏರುವಂತೆ ಹಂದರ ಮೊದಲೇ ಸಿದ್ಧವಿರಬೇಕು. ತೊಗರಿ ರಾಶಿಯಾದ ಬಳಿಕ ಹೇರಳವಾಗಿ ದೊರೆಯುವ ಉದ್ದನೆಯ ತೊಗರಿ ಕಟ್ಟಿಗೆಗಳನ್ನು ಕುಂಡದ ಸುತ್ತ ನೆಟ್ಟು ತುದಿಯಲ್ಲಿ ಒಟ್ಟುಗೂಡಿಸಿ ಸೆಣಬಿನ ಹಗ್ಗದಿಂದ ಬಿಗಿದರೆ ಯಾವ ಖರ್ಚೂ ಇಲ್ಲದೆ ಗಟ್ಟಿಯಾದ ಹಂದರ ಸಿದ್ಧವಾಗುತ್ತದೆ, ಮತ್ತು ಅದರ ಒರಟು ಮೈಗೆ ಬಳ್ಳಿಯ ಕುಡಿಗಳು ಸುಲಭವಾಗಿ ಸುತ್ತಿಕೊಳ್ಳುತ್ತವೆ.

ಪೂರ್ಣ ಬೆಳೆದು ಕಾಯಿ ಹೊತ್ತ ಬಳ್ಳಿಗೆ ಬಿಸಿಲಿನ ದಿನಗಳಲ್ಲಿ ಎರಡರಿಂದ ನಾಲ್ಕು ಲೀಟರ್ ನೀರು ಬೇಕಾಗಬಹುದು. ಅದನ್ನು ಒಮ್ಮೆಗೇ ಸುರಿಯದೆ ಬೆಳಗ್ಗೆ ಮತ್ತು ಸಂಜೆ ಹಂಚಿ, ಎಲೆಗಳ ಮೇಲೆ ಸುರಿಯದೆ ಬುಡಕ್ಕೇ ಹಾಕಬೇಕು. ಮಣ್ಣಿನ ಮೇಲೆ ಒಣಹುಲ್ಲು ಅಥವಾ ತೊಗರಿ ಹೊಟ್ಟಿನ ಎರಡು ಇಂಚಿನ ಹೊದಿಕೆಯಿದ್ದರೆ ತೇವ ಆರುವುದು ತಗ್ಗುತ್ತದೆ. ಕೊಳವೆಬಾವಿಯ ಗಡಸು ನೀರನ್ನೇ ನಿತ್ಯ ಬಳಸುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿಯ ಲವಣದ ಪದರ ಕಟ್ಟುತ್ತದೆ. ಎರಡು ವಾರಕ್ಕೊಮ್ಮೆ ತಳದ ರಂಧ್ರಗಳಿಂದ ಧಾರಾಳವಾಗಿ ಹೊರಬರುವಷ್ಟು ನೀರು ಹಾಯಿಸಿ, ಸಾಧ್ಯವಾದಾಗ ಸಂಗ್ರಹಿಸಿದ ಮಳೆನೀರಿನಿಂದಲೇ ತೊಳೆದು, ಆ ಲವಣವನ್ನು ಹೊರಹಾಕಬೇಕು. ಬಿತ್ತಿದ ಮೂರನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ ಕೊಟ್ಟರೆ ಸಾಕು. ಯೂರಿಯಾದಂಥ ಸಾರಜನಕ ಗೊಬ್ಬರವನ್ನು ಹೆಚ್ಚು ಹಾಕಿದರೆ ಬಳ್ಳಿ ಎಲೆಯಲ್ಲಿ ಸೊಕ್ಕಿ ಹೂವಿನಲ್ಲಿ, ಅದರಲ್ಲಿಯೂ ಹೆಣ್ಣು ಹೂವಿನಲ್ಲಿ, ಹಿಂದುಳಿಯುತ್ತದೆ.

ಎರಡು ಬಗೆಯ ಹೂಗಳು

ಬದನೆ, ಟೊಮೆಟೊಗಳಲ್ಲಿ ಒಂದೇ ಹೂವಿನೊಳಗೆ ಗಂಡು ಮತ್ತು ಹೆಣ್ಣು ಭಾಗಗಳೆರಡೂ ಇರುತ್ತವೆ. ಸಾಮಾನ್ಯ ಸೌತೆಯಲ್ಲಿ ಹಾಗಿಲ್ಲ. ಒಂದೇ ಬಳ್ಳಿಯ ಮೇಲೆ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಎರಡಕ್ಕೂ ಐದು ಹಳದಿ ದಳಗಳಿರುವುದರಿಂದ ದೂರದಿಂದ ಒಂದೇ ರೀತಿ ಕಾಣುತ್ತವೆಯಾದರೂ ದಳಗಳ ಹಿಂಭಾಗವನ್ನು ನೋಡಿದೊಡನೆ ವ್ಯತ್ಯಾಸ ತಿಳಿಯುತ್ತದೆ. ಗಂಡು ಹೂ ತೆಳುವಾದ ತೊಟ್ಟಿನ ಮೇಲೆ, ಬಹುಮಟ್ಟಿಗೆ ಎಲೆಯ ಕಂಕುಳಿನಲ್ಲಿ ಹಲವು ಹೂಗಳ ಗೊಂಚಲಾಗಿ ಬರುತ್ತದೆ, ಅದರ ನಡುವೆ ಪರಾಗವನ್ನು ಹೊತ್ತ ಕೇಸರಗಳಿರುತ್ತವೆ. ಹೆಣ್ಣು ಹೂ ಸಾಮಾನ್ಯವಾಗಿ ಒಂಟಿಯಾಗಿ ಬರುತ್ತದೆ. ಅದರ ದಳಗಳ ಕೆಳಗೆ ಬೆರಳ ತುದಿಯಷ್ಟು ದೊಡ್ಡದಾದ, ಸಣ್ಣ ಮುಳ್ಳುರೋಮಗಳುಳ್ಳ ಎಳೆ ಸೌತೆಯಂಥ ಭಾಗ ಮೊದಲಿನಿಂದಲೂ ಇರುತ್ತದೆ. ಇದೇ ಅಂಡಾಶಯ, ಎಂದರೆ ಬೀಜಾಂಡಗಳನ್ನು ಒಳಗೊಂಡು ಮುಂದೆ ಕಾಯಿಯಾಗುವ ಭಾಗ. ಹೂವಿನ ನಡುವೆ ಮೂರು ಹೋಳುಗಳಾಗಿ ಕಾಣುವ ಅಂಟಾದ ಭಾಗಕ್ಕೆ ಶಲಾಕಾಗ್ರವೆಂದು ಹೆಸರು. ಪರಾಗ ಬಂದು ನಿಲ್ಲಬೇಕಾದದ್ದು ಅಲ್ಲಿಯೇ.

ಬಿತ್ತಿದ ಸುಮಾರು ಐದನೆಯ ವಾರದಲ್ಲಿ ಮೊದಲು ಅರಳುವವು ಗಂಡು ಹೂಗಳು. ಒಂದು ವಾರದಿಂದ ಹತ್ತು ದಿನಗಳವರೆಗೆ ಬಳ್ಳಿಯ ತುಂಬ ಅವೇ ಕಾಣಿಸಿಕೊಂಡು, ಒಂದೊಂದು ದಿನ ಅರಳಿ ಮರುದಿನ ಉದುರುತ್ತವೆ. ಅವುಗಳಿಂದ ಕಾಯಿ ಆಗುವುದು ಸಾಧ್ಯವೇ ಇಲ್ಲದ್ದರಿಂದ ಆ ಉದುರುವಿಕೆ ನಷ್ಟವಲ್ಲ. ಹೆಣ್ಣು ಹೂಗಳು ಬರುವ ವೇಳೆಗೆ ಪರಾಗವೂ ಜೇನುಗಳ ಓಡಾಟವೂ ಸಿದ್ಧವಿರುವಂತೆ ಈ ಕ್ರಮ ನೆರವಾಗುತ್ತದೆ. ಈ ಅವಧಿಯಲ್ಲಿ ಗಾಬರಿಯಿಂದ ಔಷಧಿ ಸಿಂಪಡಿಸುವುದಾಗಲಿ, ಗೊಬ್ಬರ ಹೆಚ್ಚಿಸುವುದಾಗಲಿ, ಬಳ್ಳಿಯನ್ನೇ ಕಿತ್ತೆಸೆಯುವುದಾಗಲಿ ಮಾಡದೆ ಕಾಯುವುದೇ ಸರಿಯಾದ ಆರೈಕೆ. ಕೆಲವೊಮ್ಮೆ ಮುಖ್ಯ ಕಾಂಡಕ್ಕಿಂತ ಪಕ್ಕದ ಕವಲುಗಳಲ್ಲಿ ಹೆಣ್ಣು ಹೂಗಳು ಹೆಚ್ಚಾಗಿ ಬರುವುದರಿಂದ, ಸಾಮಾನ್ಯ ತಳಿಯ ಬಳ್ಳಿ ಹಂದರದ ತುದಿ ಮುಟ್ಟಿದಾಗ ಅದರ ಕುಡಿಯನ್ನು ಚಿವುಟಿ ಕವಲೊಡೆಯುವಂತೆ ಮಾಡುವುದು ಉಪಯುಕ್ತ.

ಗಂಡು ಹೆಣ್ಣಿನ ಪ್ರಮಾಣವನ್ನು ನಿರ್ಧರಿಸುವುದು ಯಾವುದು?

ಸೌತೆಯ ಮೊಗ್ಗು ತೀರ ಎಳೆಯದಾಗಿರುವಾಗ ಅದರಲ್ಲಿ ಗಂಡು ಮತ್ತು ಹೆಣ್ಣು ಎರಡೂ ಭಾಗಗಳ ಕುರುಹು ಇರುತ್ತದೆ. ಮುಂದೆ ಒಂದು ಬೆಳೆದು ಇನ್ನೊಂದು ನಿಂತುಹೋಗುತ್ತದೆ. ಯಾವುದು ಬೆಳೆಯಬೇಕೆಂಬುದನ್ನು ತಳಿಯ ಅನುವಂಶಿಕ ಗುಣ ಹಾಗೂ ಸಸ್ಯದೊಳಗಿನ ಚೋದಕಗಳು, ಅಂದರೆ ಬೆಳವಣಿಗೆಯನ್ನು ನಿಯಂತ್ರಿಸುವ ರಾಸಾಯನಿಕಗಳು, ಸೇರಿ ನಿರ್ಧರಿಸುತ್ತವೆ. ಕಾಯಿಗಳನ್ನು ಹಣ್ಣಾಗಿಸುವ ಎಥಿಲೀನ್ ಎಂಬ ಅನಿಲರೂಪದ ಚೋದಕವೇ ಸೌತೆಯಲ್ಲಿ ಹೆಣ್ಣು ಹೂಗಳನ್ನು ಪ್ರೇರೇಪಿಸುತ್ತದೆ. ಜಿಬ್ಬರೆಲಿನ್ ಎಂಬ ಮತ್ತೊಂದು ಚೋದಕ ಗಂಡು ಹೂಗಳತ್ತ ವಾಲಿಸುತ್ತದೆ. ತಂಪು ಹವೆ ಮತ್ತು ಚಿಕ್ಕ ಹಗಲು ಹೆಣ್ಣಿನ ಕಡೆಗೂ, ಹೆಚ್ಚಿನ ತಾಪ ಮತ್ತು ದೀರ್ಘ ಹಗಲು ಗಂಡಿನ ಕಡೆಗೂ ತಕ್ಕಡಿಯನ್ನು ವಾಲಿಸುತ್ತವೆ. ಒಂದೇ ಪೊಟ್ಟಣದ ಬೀಜ ಅಕ್ಟೋಬರಿನಲ್ಲಿ ಬಿತ್ತಿದಾಗ ಕಾಯಿ ಕೊಟ್ಟು, ಏಪ್ರಿಲಿನಲ್ಲಿ ಬಿತ್ತಿದಾಗ ಬರಿಯ ಗಂಡು ಹೂಗಳನ್ನೇ ತೋರಿಸುವುದಕ್ಕೆ ಇದೇ ಕಾರಣ. ಹೊಲದ ಬೇಸಾಯದಲ್ಲಿ ಎಥಿಲೀನ್ ಬಿಡುಗಡೆ ಮಾಡುವ ಎಥ್ರೆಲ್ ದ್ರಾವಣವನ್ನು ಎರಡರಿಂದ ನಾಲ್ಕು ಎಲೆಯ ಹಂತದಲ್ಲಿ ಸಿಂಪಡಿಸಿ ಹೆಣ್ಣು ಹೂ ಹೆಚ್ಚಿಸುವ ಕ್ರಮವಿದೆ. ನಾಲ್ಕೈದು ಕುಂಡಗಳ ಮನೆ ಬೆಳೆಗೆ ಅದರ ಅಗತ್ಯವಿಲ್ಲ, ಬಿತ್ತುವ ಕಾಲವನ್ನು ಸರಿಪಡಿಸಿಕೊಂಡರೆ ಅದೇ ಫಲ ದೊರೆಯುತ್ತದೆ.

ಪರಾಗಸ್ಪರ್ಶ: ಜೇನು ಇಲ್ಲದಿದ್ದರೆ ಕೈ

ಗಂಡು ಹೂವಿನ ಪರಾಗ ಹೆಣ್ಣು ಹೂವಿನ ಶಲಾಕಾಗ್ರವನ್ನು ಸೇರುವುದಕ್ಕೆ ಪರಾಗಸ್ಪರ್ಶವೆಂದು ಹೆಸರು. ಸೌತೆಯ ಪರಾಗ ಅಂಟುಳ್ಳದ್ದಾದ್ದರಿಂದ ಜೋಳದ ಪರಾಗದಂತೆ ಗಾಳಿಯಲ್ಲಿ ತೇಲಿ ಹೋಗದು. ತುಡುವೆ, ಕೋಲುಜೇನು ಮೊದಲಾದ ಜೇನುನೊಣಗಳೇ ಅದನ್ನು ಸಾಗಿಸಬೇಕು. ಒಂದು ಕಾಯಿಯೊಳಗಿನ ಪ್ರತಿಯೊಂದು ಬೀಜಕ್ಕೂ ಒಂದೊಂದು ಪರಾಗಕಣ ಬೇಕಾಗುವುದರಿಂದ ಒಂದು ಹೆಣ್ಣು ಹೂವಿಗೆ ಜೇನು ಹಲವು ಬಾರಿ ಭೇಟಿ ಕೊಟ್ಟಾಗ ಮಾತ್ರ ಕಾಯಿ ನೇರವಾಗಿ, ತುಂಬಿಕೊಂಡು ಬೆಳೆಯುತ್ತದೆ. ಪರಾಗ ಸಾಲದಾದಾಗ ಕಾಯಿ ಒಂದು ಕಡೆ ಸೊರಗಿ ಕೊಕ್ಕೆಯಂತೆ ಬಾಗುತ್ತದೆ, ತೀರ ಇಲ್ಲದಾದಾಗ ಎಳೆಗಾಯಿ ಹಳದಿಯಾಗಿ ತುದಿಯಿಂದ ಮುರುಟಿ ಉದುರುತ್ತದೆ. ನಿಜವಾಗಿ ಚಿಂತಿಸಬೇಕಾದ ಉದುರುವಿಕೆ ಇದು.

ಜೇನು ಕಡಿಮೆ ಬರುವ ಎತ್ತರದ ಮಾಳಿಗೆಗಳಲ್ಲಿಯೂ, ಕೋತಿ ಮತ್ತು ಪಾರಿವಾಳಗಳ ಭಯದಿಂದ ನಾಲ್ಕೂ ಕಡೆ ಬಲೆ ಕಟ್ಟಿದ ಕಡೆಗಳಲ್ಲಿಯೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕಾಗುತ್ತದೆ. ಹೂ ಮುಂಜಾನೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡತೊಡಗುತ್ತದೆ, ಪರಾಗದ ಶಕ್ತಿಯೂ ತಾಪ ಏರಿದಂತೆ ಇಳಿಯುತ್ತದೆ. ಆದ್ದರಿಂದ ಬೆಳಗಿನ 7ರಿಂದ 10 ಗಂಟೆಯ ಒಳಗೆ, ಬೇಸಿಗೆಯಲ್ಲಿ ಇನ್ನೂ ಮುಂಚೆ, ಈ ಕೆಲಸ ಮುಗಿಯಬೇಕು. ಅಂದೇ ಅರಳಿದ ಗಂಡು ಹೂವೊಂದನ್ನು ತೊಟ್ಟುಸಹಿತ ಕಿತ್ತು, ದಳಗಳನ್ನು ಸುಲಿದು, ನಡುವಿನ ಕೇಸರವನ್ನು ಅಂದೇ ಅರಳಿದ ಹೆಣ್ಣು ಹೂವಿನ ಶಲಾಕಾಗ್ರದ ಮೂರೂ ಹೋಳುಗಳಿಗೆ ತಾಕುವಂತೆ ಮೃದುವಾಗಿ ಸವರಬೇಕು. ಒಂದು ಗಂಡು ಹೂ ಎರಡು ಹೆಣ್ಣು ಹೂಗಳಿಗೆ ಸಾಕಾಗುತ್ತದೆ, ಎರಡು ಗಂಡು ಹೂ ಬಳಸಿದರೆ ಫಲ ಇನ್ನೂ ಖಚಿತ. ಸ್ಪರ್ಶ ಸಫಲವಾದರೆ ಎರಡು ಮೂರು ದಿನಗಳಲ್ಲಿ ಎಳೆಗಾಯಿ ಹಸಿರಾಗಿ ಉಬ್ಬಿ ಕೆಳಮುಖವಾಗಿ ಬಾಗುತ್ತದೆ. ನೆರಳುಬಲೆ ಬೇಕಾದಲ್ಲಿ ಅದನ್ನು ತಲೆಯ ಮೇಲೆ ಮಾತ್ರ ಕಟ್ಟಿ ಪಕ್ಕಗಳನ್ನು ತೆರೆದಿಡುವುದು, ಹತ್ತಿರ ತುಳಸಿ, ಚೆಂಡುಹೂ, ಸೂರ್ಯಕಾಂತಿಗಳ ಕುಂಡಗಳನ್ನಿಟ್ಟು ಜೇನನ್ನು ಕರೆಯುವುದು, ಬೇವಿನೆಣ್ಣೆಯನ್ನೂ ಸೇರಿಸಿ ಯಾವುದೇ ಸಿಂಪರಣೆಯನ್ನು ಸೂರ್ಯಾಸ್ತದ ನಂತರವೇ ಮಾಡುವುದು, ಇವು ಕೈಕೆಲಸದ ಹೊರೆಯನ್ನು ಬಹುವಾಗಿ ಇಳಿಸುತ್ತವೆ.

ಬೀಜದ ಪೊಟ್ಟಣ ಹೇಳುವುದೇನು?

ಮಾರುಕಟ್ಟೆಯಲ್ಲಿ ಸಿಗುವ ಸೌತೆ ತಳಿಗಳನ್ನು ಹೂವಿನ ದೃಷ್ಟಿಯಿಂದ ಮೂರು ಗುಂಪು ಮಾಡಬಹುದು. ಮೊದಲನೆಯದು ಗಂಡು ಹೆಣ್ಣು ಎರಡೂ ಹೂ ಬಿಡುವ ಸಾಮಾನ್ಯ ತಳಿಗಳು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಶೀತಲ್, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಉದಯ್, ನೆರೆಯ ಮಹಾರಾಷ್ಟ್ರದ ರಾಹುರಿ ಕೃಷಿ ವಿದ್ಯಾಪೀಠದ ಹಿಮಾಂಗಿ ಈ ಗುಂಪಿನವು. ತೆರೆದ ಮಾಳಿಗೆಗೂ, ಮುಂದಿನ ಬಿತ್ತನೆಗೆ ಬೀಜ ಉಳಿಸಿಕೊಳ್ಳಬಯಸುವವರಿಗೂ ಇವೇ ಸೂಕ್ತ. ಎರಡನೆಯದು ಬಹುತೇಕ ಹೆಣ್ಣು ಹೂಗಳನ್ನೇ ಬಿಡುವ, ಆದರೆ ಪರಾಗ ಬೇಕಾಗುವ ಹೈಬ್ರಿಡ್‌ಗಳು. ಇಂಥ ಒಂದೇ ಬಳ್ಳಿ ಬೆಳೆಸಿದರೆ ಪರಾಗ ಕೊಡುವ ಹೂವಿಲ್ಲದೆ ಕಾಯಿ ನಿಲ್ಲದು, ಪಕ್ಕದಲ್ಲಿ ಸಾಮಾನ್ಯ ತಳಿಯ ಒಂದು ಬಳ್ಳಿ ಇರಲೇಬೇಕು.

ಮೂರನೆಯ ಗುಂಪು ಪರಾಗಸ್ಪರ್ಶವೇ ಇಲ್ಲದೆ ಬೀಜರಹಿತ ಕಾಯಿ ಕೊಡುವ ತಳಿಗಳದು. ಈ ಗುಣವನ್ನು ಪಾರ್ಥೆನೋಕಾರ್ಪಿ ಎನ್ನುತ್ತಾರೆ, ಎಂದರೆ ಫಲೀಕರಣವಾಗದೆಯೇ ಅಂಡಾಶಯವು ಕಾಯಾಗಿ ಬೆಳೆಯುವುದು. ಕಲಬುರಗಿ ಜಿಲ್ಲೆಯ ಓದುಗರಿಗೆ ಇದರ ಉದಾಹರಣೆಯನ್ನು ದೂರ ಹುಡುಕಬೇಕಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯ ಹಣ್ಣಿನಲ್ಲಿ ಬಿತ್ತಬಹುದಾದ ಬೀಜ ಇಲ್ಲದಿರುವುದು ಇದೇ ಗುಣದಿಂದ. ಬಾಳೆಗೊನೆ ಪರಾಗಕ್ಕೆ ಕಾಯದೆ ತುಂಬಿಕೊಳ್ಳುವಂತೆ ಪೂಸಾ ಸೀಡ್‌ಲೆಸ್ ಕುಕುಂಬರ್-6, ಪಂತನಗರದ ಪಂತ್ ಪಾರ್ಥೆನೋಕಾರ್ಪಿಕ್ ಖೀರಾ-2 ಮೊದಲಾದ ಸೌತೆ ತಳಿಗಳೂ ಪರಾಗವಿಲ್ಲದೆ ಕಾಯಿ ಕಟ್ಟುತ್ತವೆ. ಮೂಲತಃ ಪಾಲಿಮನೆಗಾಗಿ ರೂಪುಗೊಂಡ ಇವು ಬಲೆಯಿಂದ ಪೂರ್ತಿ ಮುಚ್ಚಿದ ಮಾಳಿಗೆಗೂ ಜೇನು ಸುಳಿಯದ ಬಾಲ್ಕನಿಗೂ ಉತ್ತಮ ಆಯ್ಕೆ. ಇವುಗಳ ಕೆಳಗಿನ ನಾಲ್ಕೈದು ಗಿಣ್ಣುಗಳ ಹೂಗಳನ್ನು ತೆಗೆದು, ಬಳ್ಳಿಯನ್ನು ಒಂದೇ ಕಾಂಡವಾಗಿ ಮೇಲೇರಿಸಬೇಕು. ಬೀಜದ ಬೆಲೆ ಹೆಚ್ಚು, ಮತ್ತು ಅವುಗಳಿಂದ ಮುಂದಿನ ಬಿತ್ತನೆಗೆ ಬೀಜ ಸಿಗದು ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಕೀಟ, ರೋಗ, ಕಹಿ

ಎಳೆ ಸಸಿಯ ಎಲೆಗಳನ್ನು ತೂತುಮಾಡುವ ಕೆಂಪು ದುಂಬಿಯನ್ನು ಅದು ಜಡವಾಗಿರುವ ಬೆಳಗಿನ ಹೊತ್ತಿನಲ್ಲಿ ಕೈಯಿಂದ ಆರಿಸಿ ಸಾಬೂನು ನೀರಿಗೆ ಹಾಕಬಹುದು. ಕಾಯಿಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುವ ಹಣ್ಣುನೊಣಕ್ಕೆ ಕ್ಯೂ-ಲೂರ್ ಎಂಬ ಆಕರ್ಷಕವಿರುವ ಬಲೆಯೊಂದನ್ನು ನೇತುಹಾಕಿ, ಫಲಿತ ಕಾಯಿಗಳಿಗೆ ಕಾಗದದ ಚೀಲ ತೊಡಿಸಬೇಕು. ಎಲೆಯ ಮೇಲೆ ಬಿಳಿಯ ಪುಡಿಯಂತೆ ಹರಡುವ ಬೂದಿರೋಗಕ್ಕೂ, ಮಳೆಗಾಲದಲ್ಲಿ ಎಲೆಯ ನರಗಳ ನಡುವೆ ಹಳದಿ ಚೌಕಗಳಾಗಿ ಕಾಣುವ ಬೂಜುರೋಗಕ್ಕೂ ಮೊದಲ ಮದ್ದು ಗಾಳಿಯಾಡುವ ಅಂತರ ಮತ್ತು ಎಲೆಗಳನ್ನು ಒದ್ದೆಯಾಗಿಸದಿರುವುದೇ. ರೋಗ ತಗುಲಿದ ಕೆಳಗಿನ ಎಲೆಗಳನ್ನು ಕೂಡಲೇ ತೆಗೆದು ದೂರ ಹಾಕಬೇಕು.

ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ಇದು ಬಳ್ಳಿಯ ಸಹಜ ರಕ್ಷಣೆಯಾಗಿದ್ದು, ನೀರಿನ ಏರುಪೇರು ಮತ್ತು ಅತಿ ತಾಪಕ್ಕೆ ಸಿಕ್ಕಾಗ ಕಾಯಿಯ ತೊಟ್ಟಿನ ಭಾಗದಲ್ಲಿ, ಸಿಪ್ಪೆಯ ಅಡಿಯಲ್ಲಿ ಹೆಚ್ಚಾಗುತ್ತದೆ. ಅಲ್ಪ ಕಹಿಯಿದ್ದರೆ ತೊಟ್ಟಿನ ಭಾಗವನ್ನು ದಪ್ಪಗೆ ಕತ್ತರಿಸಿ ಸಿಪ್ಪೆ ತೆಗೆದರೆ ಸಾಕು, ಆದರೆ ತೀವ್ರ ಕಹಿಯಾದ ಕಾಯಿಯನ್ನು ತಿನ್ನಬಾರದು, ಅದರಿಂದ ಹೊಟ್ಟೆನೋವು ಮತ್ತು ವಾಂತಿಯಾಗುವುದುಂಟು.

ಕೊಯ್ಲು

ಹೂ ಫಲಿಸಿದ ಎಂಟರಿಂದ ಹತ್ತು ದಿನಗಳಲ್ಲಿ ಕಾಯಿ ಕೊಯ್ಯಲು ಬರುತ್ತದೆ. ಕರ್ನಾಟಕದಿಂದ ಉಪ್ಪಿನಕಾಯಿಗಾಗಿ ಹೊರದೇಶಗಳಿಗೆ ಹೋಗುವ ಗರ್ಕಿನ್ ಕೂಡ ಇದೇ ಜಾತಿಯ ಎಳೆಗಾಯಿಯೇ, ಹೂ ಅರಳಿದ ಕೆಲವೇ ದಿನಗಳಲ್ಲಿ ಕೊಯ್ದದ್ದು. ಒಂದು ಕಾಯಿಯನ್ನು ಬಳ್ಳಿಯಲ್ಲೇ ಬಲಿತು ಹಳದಿಯಾಗಲು ಬಿಟ್ಟರೆ ಬಳ್ಳಿಯು ತನ್ನ ಶಕ್ತಿಯನ್ನೆಲ್ಲ ಆ ಬೀಜಗಳಿಗೆ ಹರಿಸಿ ಹೊಸ ಹೆಣ್ಣು ಹೂಗಳನ್ನು ತಡೆಯುತ್ತದೆ. ಎರಡು ದಿನಕ್ಕೊಮ್ಮೆ ತಪ್ಪದೆ ಕೊಯ್ಯುವವರ ಕುಂಡದಲ್ಲಿ ಕಾಯಿ ಹೆಚ್ಚು ಕಾಲ ಬರುವುದು ಇದರಿಂದಲೇ. ಬೀಜಕ್ಕೆಂದು ಕಾಯಿ ಬಿಡುವುದಾದರೆ ಬೆಳೆಯ ಕೊನೆಯ ಹಂತದಲ್ಲಿ ಮಾತ್ರ ಬಿಡಬೇಕು. ತಳಿಯ ಆಯ್ಕೆ ಹಾಗೂ ರೋಗದ ಗುರುತಿನಲ್ಲಿ ಸಂದೇಹ ಬಂದಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ತೋಟಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ಕೇಳಿ ತಿಳಿಯಬಹುದು.

ಕಲಬುರಗಿಯಂಥ ಬಿಸಿಲ ನಾಡಿನಲ್ಲಿ ಕುಂಡದ ಸೌತೆಯ ಯಶಸ್ಸು ದುಬಾರಿ ಗೊಬ್ಬರ ಅಥವಾ ಔಷಧಿಯಿಂದ ಬರುವುದಿಲ್ಲ; ಸರಿಯಾದ ಕಾಲದ ಬಿತ್ತನೆ, ಬೇರಿಗೆ ಸಾಲುವಷ್ಟು ದೊಡ್ಡ ಕುಂಡ, ಮತ್ತು ಹೂವಿನ ಹಿಂದೆ ಎಳೆಗಾಯಿ ಇದೆಯೋ ಇಲ್ಲವೋ ಎಂದು ನಿತ್ಯ ಬೆಳಗ್ಗೆ ನೋಡುವ ಅಭ್ಯಾಸ, ಈ ಮೂರರಿಂದ ಬರುತ್ತದೆ. ಈ ಸಲ ಮೊದಲ ಹೂಗಳು ಉದುರಿದಾಗ ಬಳ್ಳಿಯನ್ನು ಕೀಳದೆ ಇನ್ನೂ ಹತ್ತು ದಿನ ಕಾಯಿರಿ. ಹೆಣ್ಣು ಹೂ ಕಂಡ ದಿನದಿಂದ ಬೆಳಗಿನ ಹೊತ್ತು ಐದು ನಿಮಿಷವನ್ನು ಪರಾಗಸ್ಪರ್ಶದ ಕೆಲಸಕ್ಕೆ ಮೀಸಲಿಡಿ.